ರಿಪೇರಿಯೋ, ಗುಜರಿಯೋ?

ಅಟ್ಟದ ಮೇಲಿದ್ದ ಹಳೆಯ ರೇಡಿಯೊ ಕೆಳಗಿಳಿಯಿತೆಂದರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ‘ಅಪ್ಪ ವಾರ್ತೆ ಕೇಳುತ್ತಿದ್ದ ಪೆಟ್ಟಿಗೆ, ರಿಪೇರಿ ಮಾಡಿಸೋಣ’ ಎನ್ನುವುದು ಹಿರಿಯರ ಪಕ್ಷ. ‘ಅದಕ್ಕೆ ಸುರಿಯುವ ದುಡ್ಡಿನಲ್ಲಿ ಹೊಸದೇ ಬರುತ್ತದೆ’ ಎನ್ನುವುದು ಕಿರಿಯರ ವಾದ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹೇಳಿ ಕಿರಿಯರು ಗೆಲ್ಲುವುದೇ ಹೆಚ್ಚು. ಆದರೆ ಲೆಕ್ಕ ಅಷ್ಟು ಸರಳವಲ್ಲ. ಕೆಟ್ಟಿರುವುದು ಯಾವ ಭಾಗ, ಯಂತ್ರ ತಿನ್ನುವ ವಿದ್ಯುತ್ ಎಷ್ಟು, ರಿಪೇರಿಯಾದ ಮೇಲೆ ಅದರಿಂದ ಕೆಲಸವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ತೀರ್ಪು ಕೊಡುವಂತಿಲ್ಲ.

ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಬಾನುಲಿ ಪ್ರಸಾರ ಆರಂಭಿಸಿದಾಗ ರೇಡಿಯೊ ಎಂದರೆ ವಾಲ್ವ್ ಸೆಟ್ಟು. ಗಾಜಿನ ವಾಲ್ವ್‌ಗಳು ಕಾದು ಕೆಂಪಾಗುವವರೆಗೆ ದನಿ ಕೇಳುತ್ತಿರಲಿಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಜೇಬಿನಲ್ಲಿಡುವ ಟ್ರಾನ್ಸಿಸ್ಟರ್ ರೇಡಿಯೊ ಮಾರುಕಟ್ಟೆಗೆ ಬಂತು. ಅದೇ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಎರಡನ್ನೂ ತಯಾರಿಸಿತು. ಆ ಕಾಲದ ಎಷ್ಟೋ ಸೆಟ್ಟುಗಳ ಒಳಗೆ ಸರ್ಕ್ಯೂಟಿನ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಇದು ಒಂದು ದಿನ ಕೆಡುತ್ತದೆ, ಯಾರೋ ಒಬ್ಬರು ಬಿಚ್ಚುತ್ತಾರೆ ಎಂಬುದನ್ನು ತಯಾರಕನೇ ಒಪ್ಪಿಕೊಂಡಿದ್ದ.

ಹಳೆಯ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಇದರೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಶಾಖ ಹೆಚ್ಚಿದಷ್ಟೂ ಆಯುಸ್ಸು ಕಡಿಮೆ; ತಾಪಮಾನ 10 ಡಿಗ್ರಿ ಇಳಿದರೆ ಬಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ಸೂತ್ರ. ರೇಡಿಯೊ ಗುಂಯ್‌ಗುಟ್ಟಿದರೆ, ಟಿ.ವಿ. ಹೊತ್ತಿಕೊಳ್ಳಲು ತಡಮಾಡಿದರೆ ಬಹಳ ಸಲ ಇದೇ ಕಾರಣ. ಬಿಡಿಭಾಗದ ಬೆಲೆ ಕೆಲವೇ ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ದುಬಾರಿಯಾಗುವುದು ದೋಷ ಹುಡುಕುವವನ ಸಮಯ. ಆದರೆ ವಾಲ್ವ್ ಸೆಟ್ಟನ್ನು ಮನೆಯಲ್ಲೇ ಬಿಚ್ಚುವ ಸಾಹಸ ಬೇಡ. ಒಳಗೆ 200 ವೋಲ್ಟ್‌ಗೂ ಮೀರಿದ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು.

ಇನ್ನು ವಿದ್ಯುತ್ತಿನ ಲೆಕ್ಕ. ಹಳೆಯ 21 ಅಂಗುಲದ ಡಬ್ಬಾ ಟಿ.ವಿ. 80 ವಾಟ್, ಹೊಸ ಎಲ್‌ಇಡಿ ಟಿ.ವಿ. 40 ವಾಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 5 ಗಂಟೆ ನೋಡಿದರೆ ವರ್ಷಕ್ಕೆ ಉಳಿಯುವುದು 73 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ 511 ರೂಪಾಯಿ. ಹೊಸ ಟಿ.ವಿ.ಗೆ 10 ಸಾವಿರ ರೂಪಾಯಿ ಕೊಟ್ಟರೆ ಆ ಹಣ ವಿದ್ಯುತ್ ಬಿಲ್ಲಿನಲ್ಲಿ ಮರಳಿ ಬರಲು ಸುಮಾರು 20 ವರ್ಷ ಬೇಕು! ‘ಕರೆಂಟು ಉಳಿಯುತ್ತದೆ’ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಸೀಲಿಂಗ್ ಫ್ಯಾನಿನ ಕಥೆ ಬೇರೆ. ಹಳೆಯದು 75 ವಾಟ್ ಬಳಸಿದರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 197 ಯೂನಿಟ್, ಅಂದರೆ 1,380 ರೂಪಾಯಿಯ ಉಳಿತಾಯ. 3 ಸಾವಿರ ರೂಪಾಯಿಯ ಫ್ಯಾನು ಎರಡು ವರ್ಷದ ಆಸುಪಾಸಿನಲ್ಲಿ ತನ್ನ ಬೆಲೆ ತೀರಿಸುತ್ತದೆ. ಕಾಯಿಲ್ ಸುಟ್ಟ ಹಳೆಯ ಫ್ಯಾನಿಗೆ ಹೊಸ ತಂತಿ ಸುತ್ತಿಸುವುದು ಅಲ್ಲಿ ಜಾಣತನವಲ್ಲ. ಹಗಲಿರುಳು ಓಡುವ ಹಳೆಯ ಫ್ರಿಜ್ಜಿಗೂ ಇದೇ ಬಗೆಯ ಲೆಕ್ಕ ಹಾಕಿ ನೋಡಬೇಕು.

ಮೊಬೈಲ್ ಫೋನು ಇದಕ್ಕೆ ತದ್ವಿರುದ್ಧ. ಅದು ಬಳಸುವ ವಿದ್ಯುತ್ ಅತ್ಯಲ್ಪ. ಪರಿಸರದ ಮೇಲಿನ ಹೊರೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ. ಆದ್ದರಿಂದ ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಬಳಸುವುದೇ ಲಾಭ. ಆದರೆ ಕಂಪನಿ ಸುರಕ್ಷತಾ ಅಪ್‌ಡೇಟ್ ನಿಲ್ಲಿಸಿದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಕ್ಷೇಮವಲ್ಲ. ಯಂತ್ರ ಗಟ್ಟಿಯಾಗಿದ್ದರೂ ಅದರ ಸುತ್ತಲಿನ ಲೋಕ ಬದಲಾಗಿಬಿಡುತ್ತದೆ. ವಾಲ್ವ್ ರೇಡಿಯೊಗೂ ಇದೇ ಗತಿ: ಹಲವೆಡೆ ಮೀಡಿಯಂ ವೇವ್, ಶಾರ್ಟ್ ವೇವ್ ಪ್ರಸಾರ ನಿಂತು ಎಫ್‌ಎಂ ಬಂದಿದೆ. ರಿಪೇರಿಗೆ ಕೊಡುವ ಮುನ್ನ ಊರಿನಲ್ಲಿ ಯಾವ ಕೇಂದ್ರ ಸಿಗುತ್ತದೆಂದು ಕೇಳಿಕೊಳ್ಳಬೇಕು.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ 22.3ರಷ್ಟಕ್ಕೆ ಮಾತ್ರ. ಡಬ್ಬಾ ಟಿ.ವಿ.ಯ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ತಂತಿ ಸುಡುವವರ ಮೈಗೆ ಸೇರುವುದು ವಿಷದ ಹೊಗೆ. ಗುಜರಿಯವನು ಕೊಡುವ ನೂರಿನ್ನೂರು ರೂಪಾಯಿಯಲ್ಲಿ ಈ ಲೆಕ್ಕ ಸೇರಿರುವುದಿಲ್ಲ.

ಈಗ ಸರ್ಕಾರಗಳೂ ಎಚ್ಚೆತ್ತಿವೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ‘ರಿಪೇರಿಯ ಹಕ್ಕು’ ಕುರಿತ ಪೋರ್ಟಲನ್ನು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆಯಿತು. ಫ್ರಾನ್ಸ್ 2021ರಿಂದ ಕೆಲವು ಉಪಕರಣಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು. ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವ ಮೊದಲೇ ಗುರುತಿಸಲು ಇದು ದಾರಿ.

ಆದರೆ ಕಾನೂನು ಬಿಡಿಭಾಗವನ್ನೂ ನಕ್ಷೆಯನ್ನೂ ಕೊಡಿಸಬಹುದು; ಬೆಸುಗೆ ಹಾಕುವ ಕೈಯನ್ನು ಕೊಡಿಸಲಾರದು. ಊರಿನ ರೇಡಿಯೊ ರಿಪೇರಿ ಅಂಗಡಿ ಒಮ್ಮೆ ಬಾಗಿಲು ಹಾಕಿತೆಂದರೆ, ಗುಂಯ್ ಎಂಬ ಸದ್ದು ಕೇಳಿಯೇ ದೋಷ ಹೇಳುತ್ತಿದ್ದ ಕಿವಿಯೂ ಹೋಯಿತು. ಮುಂದೆ ಎಲ್ಲ ಲೆಕ್ಕವೂ ರಿಪೇರಿಯ ಪರವಾಗಿಯೇ ಬಂದರೂ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಲು ಬಾಗಿಲೊಂದು ತೆರೆದಿರಬೇಕಲ್ಲ?