ರೊಟ್ಟಿಯ ಸಂಗಾತಿ ರಂಜಕ

ಧಾರವಾಡ ಜಿಲ್ಲೆಯ ಪೂರ್ವಭಾಗವು ಕರಿಯ ಎರೆಮಣ್ಣಿನ ವಿಶಾಲವಾದ ಬಯಲು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿರುವ ಅಣ್ಣಿಗೇರಿ ಈ ಬಯಲಿನ ಪ್ರಾಚೀನ ಊರುಗಳಲ್ಲೊಂದು. ಆದಿಕವಿ ಪಂಪನ ಹೆಸರಿನೊಡನೆ ಬೆಸೆದುಕೊಂಡ ಈ ಊರಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿದೆ. ಸುತ್ತಲಿನ ಹೊಲಗಳಲ್ಲಿ ಜೋಳ, ಕಡಲೆ, ಗೋದಿ, ಹತ್ತಿ, ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿ ಬೆಳೆಯುತ್ತವೆ. ಬೆಳೆಯ ಬಹುಭಾಗ ಮಳೆಯನ್ನು ನಂಬಿದ್ದು. ಮಳೆ ಕೈಕೊಟ್ಟ ವರ್ಷ, ಬೇಸಿಗೆ ಕಾಲಿಟ್ಟೊಡನೆ ಬಡವರ ಮನೆಯಲ್ಲಿ ಕಾಯಿಪಲ್ಯೆ ಅಪರೂಪವಾಗುತ್ತದೆ. ಅಂಥ ದಿನಗಳಲ್ಲಿ ಜೋಳದ ರೊಟ್ಟಿಗೆ ಜೊತೆಯಾಗಿ ನಿಲ್ಲುವುದು ಭರಣಿಯಲ್ಲಿ ಕೂಡಿಟ್ಟ ರಂಜಕ.

ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಹುಳಿ ಮತ್ತು ಬೆಳ್ಳುಳ್ಳಿಯೊಡನೆ ಕುಟ್ಟಿ ಸಿದ್ಧಪಡಿಸುವ ಹಸಿ ಖಾರವೇ ರಂಜಕ. ಕೆಲವರು ಇದನ್ನು ಕೆಂಪು ಖಾರವೆಂದೂ ಕರೆಯುತ್ತಾರೆ. ‘ರಂಜಕ’ ಎಂಬ ಸಂಸ್ಕೃತ ಶಬ್ದಕ್ಕೆ ಬಣ್ಣ ಕೊಡುವುದು, ಮನಸ್ಸಿಗೆ ಸಂತೋಷವನ್ನುಂಟುಮಾಡುವುದು ಎಂಬ ಅರ್ಥಗಳಿವೆ. ಹಿಂದೆ ಬಂದೂಕಿಗೆ ಕಿಡಿ ಹೊತ್ತಿಸಲು ಹಾಕುತ್ತಿದ್ದ ಮದ್ದಿಗೂ ಇದೇ ಹೆಸರಿತ್ತು. ನಾಲಗೆಯ ಮೇಲಿಟ್ಟವರಿಗೆ ಈ ಮೂರು ಅರ್ಥಗಳೂ ಒಪ್ಪುತ್ತವೆ.

ಮುಂಗಾರಿನಲ್ಲಿ ನಾಟಿದ ಮೆಣಸಿನ ಗಿಡಗಳು ಚಳಿಗಾಲದಲ್ಲಿ ಕೆಂಪಾಗುತ್ತವೆ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಹೆಣ್ಣುಮಕ್ಕಳು ಸಾಲುಹಿಡಿದು ಹಣ್ಣು ಬಿಡಿಸುವ ದೃಶ್ಯ ಈ ಸೀಮೆಯಲ್ಲಿ ಸಾಮಾನ್ಯ. ಬಿಡಿಸಿದ ಕಾಯಿಯಲ್ಲಿ ಹೆಚ್ಚಿನದು ಕಣದಲ್ಲಿ ಒಣಗಿ ಪೇಟೆಗೆ ಹೋಗುತ್ತದೆ. ಪೇಟೆಯ ಧಾರಣೆ ಒಂದು ವರ್ಷ ಏರಿದರೆ ಇನ್ನೊಂದು ವರ್ಷ ಇಳಿಯುತ್ತದೆ. ಅದು ರೈತನ ಕೈಯಲ್ಲಿಲ್ಲ. ಆದರೆ ಮನೆಯ ಹೆಂಗಸರು ಮಾರಾಟಕ್ಕೆ ಮುನ್ನವೇ ಆರಿಸಿ ತೆಗೆದಿಟ್ಟ ಒಂದು ಬುಟ್ಟಿ ಹಣ್ಣು ಆ ಮನೆಯ ಸ್ವಂತ ಪಾಲು. ವರ್ಷವಿಡೀ ಮನೆಮಂದಿಯ ತಟ್ಟೆಗೆ ಬರುವುದು ಆ ಪಾಲೇ.

ರಂಜಕಕ್ಕೆ ಬ್ಯಾಡಗಿ ಜಾತಿಯ ಕಾಯಿ ಶ್ರೇಷ್ಠ. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರನ್ನು ಪಡೆದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಇದರಲ್ಲಿ ಉದ್ದವಾಗಿ ಸುಕ್ಕುಗಟ್ಟುವ ಕಡ್ಡಿ, ಗಿಡ್ಡವಾಗಿ ದಪ್ಪನಾಗಿರುವ ಡಬ್ಬಿ ಎಂಬ ಎರಡು ಬಗೆಗಳುಂಟು. ಬಣ್ಣ ಗಾಢ, ಖಾರ ಮಿತ. ಆದುದರಿಂದ ಹೆಚ್ಚು ಹಾಕಿದರೂ ಬಾಯಿ ಉರಿಯದೆ ರುಚಿ ಹತ್ತುತ್ತದೆ.

ತಯಾರಿಕೆಯ ಕ್ರಮ ಸರಳವಾದರೂ ಪ್ರತಿ ಹಂತದಲ್ಲಿಯೂ ಎಚ್ಚರ ಬೇಕು. ಒಂದು ಕಿಲೋ ಹಣ್ಣಿಗೆ ಸುಮಾರು 200 ಗ್ರಾಂ ಉಪ್ಪು, 100 ಗ್ರಾಂ ಬೆಳ್ಳುಳ್ಳಿ, ಎಂಟು ಹತ್ತು ನಿಂಬೆಹಣ್ಣಿನ ರಸ, ಹುರಿದು ಪುಡಿಮಾಡಿದ ಎರಡು ಚಮಚ ಮೆಂತ್ಯ ಮತ್ತು ಸ್ವಲ್ಪ ಇಂಗು ಸಾಕು. ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಅದನ್ನು ಬಿಟ್ಟು ಇಂಗನ್ನು ಹೆಚ್ಚಿಸುತ್ತಾರೆ. ಕೆಲವರು ನಿಂಬೆಗೆ ಬದಲಾಗಿ ಹುಣಿಸೆಯನ್ನು ಬಳಸಿ, ಚೂರು ಬೆಲ್ಲವನ್ನು ಸೇರಿಸುತ್ತಾರೆ. ಮೊದಲು ಕೊಳೆತ ಹಾಗೂ ಹುಳುಕು ಬಿದ್ದ ಹಣ್ಣುಗಳನ್ನು ಆರಿಸಿ ತೆಗೆಯಬೇಕು. ತೊಟ್ಟು ಇರುವಾಗಲೇ ಹಣ್ಣನ್ನು ತೊಳೆದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಹಾಕಬೇಕು. ತೊಟ್ಟು ಮುರಿದ ಮೇಲೆ ತೊಳೆದರೆ ನೀರು ಒಳಸೇರಿ, ಮುಂದೆ ಬೂಸಲು ಹಿಡಿಯಲು ಅದೇ ಕಾರಣವಾಗುತ್ತದೆ.

ಚೆನ್ನಾಗಿ ಆರಿದ ಹಣ್ಣುಗಳ ತೊಟ್ಟು ತೆಗೆದು, ಉಪ್ಪಿನೊಡನೆ ಒರಳಿನಲ್ಲಿ ದಪ್ಪಗೆ ಕುಟ್ಟಿ, ನಿಂಬೆರಸವನ್ನು ಬೆರೆಸಿ, ಒಣಗಿದ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕದಡುತ್ತಾರೆ. ಮೂರನೆಯ ದಿನ ಬೆಳ್ಳುಳ್ಳಿ, ಮೆಂತ್ಯದ ಪುಡಿ, ಇಂಗುಗಳನ್ನು ಕೂಡಿಸಿ ಮತ್ತೊಮ್ಮೆ ನುಣ್ಣಗೆ ಅರೆಯುತ್ತಾರೆ. ನೀರಿನ ಒಂದು ಹನಿಯೂ ಬೀಳಕೂಡದು. ಇಂದು ಅನೇಕ ಮನೆಗಳಲ್ಲಿ ಒರಳಿನ ಕೆಲಸವನ್ನು ಮಿಕ್ಸರ್ ಯಂತ್ರ ಮಾಡುತ್ತದೆ. ಆದರೆ ಅರೆಯುವುದು ಸುಲಭವಾಯಿತೆಂದು ಒಣಗಿಸುವ ಕೆಲಸದಲ್ಲಿ ಅವಸರ ಮಾಡುವಂತಿಲ್ಲ.

ಈ ನಿಯಮಗಳ ಹಿಂದೆ ವಿಜ್ಞಾನವಿದೆ. ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೊಳೆಯಿಸುವ ಅಣುಜೀವಿಗಳಿಗೆ ಬೇಕಾದ ನೀರನ್ನೂ ಅವುಗಳಿಗೆ ಸಿಗದಂತೆ ಮಾಡುತ್ತದೆ. ನಿಂಬೆಯ ಹುಳಿ ಇನ್ನೊಂದು ಕಾವಲು. ಬೊಟುಲಿನಮ್ ಎಂಬ ಅಪಾಯಕಾರಿ ಅಣುಜೀವಿ ಗಾಳಿಯಿಲ್ಲದ ಕಡೆ ಬೆಳೆದು ಮಾರಕವಾದ ವಿಷವನ್ನು ಉತ್ಪಾದಿಸುತ್ತದೆ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 4.6ಕ್ಕಿಂತ ಕೆಳಗಿರುವ ಹುಳಿಯಲ್ಲಿ ಅದು ಬೆಳೆಯಲಾರದು. ಹುಳಿಯಾಗಲಿ ಉಪ್ಪಾಗಲಿ ಇಲ್ಲದೆ ಹಸಿ ಬೆಳ್ಳುಳ್ಳಿಯನ್ನು ಬರಿಯ ಎಣ್ಣೆಯಲ್ಲಿ ಮುಳುಗಿಸಿ ಬಹುದಿನ ಇಡುವುದು ಅಪಾಯಕಾರಿಯೆನ್ನುವುದು ಇದೇ ಕಾರಣದಿಂದ. ನಾಲಗೆಗೆ ಹಿತವಾಗಲೆಂದು ಉಪ್ಪು, ಹುಳಿಗಳನ್ನು ಕಡಿಮೆ ಮಾಡಿದವರು ರಂಜಕವನ್ನು ಶೀತಪೆಟ್ಟಿಗೆಯಲ್ಲಿಟ್ಟು ಬೇಗನೆ ತಿಂದು ಮುಗಿಸಬೇಕು. ಮೇಲೆ ಬೂಸಲು ಕಂಡರೆ, ಅಷ್ಟನ್ನೇ ಕೆರೆದು ತೆಗೆದು ಉಳಿದುದನ್ನು ತಿನ್ನುವುದು ಸಲ್ಲದು.

ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ಅದು ಬೀಜದಲ್ಲಿದೆಯೆಂದು ಜನ ಭಾವಿಸುತ್ತಾರೆ. ವಾಸ್ತವವಾಗಿ ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಅದು ಹೆಚ್ಚಾಗಿರುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಕುಟ್ಟುವ ಮೊದಲು ಹೆಂಗಸರು ಕೈಗೆ ಎಣ್ಣೆ ಸವರಿಕೊಳ್ಳುವುದು, ರೊಟ್ಟಿಯ ಮೇಲಿನ ರಂಜಕಕ್ಕೆ ಬೆಣ್ಣೆಯನ್ನೋ ಕುಸುಬಿ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಬೆರೆಸುವುದು ಅನುಭವದಿಂದ ಬಂದ ಜಾಣತನ. ಹಣ್ಣುಮೆಣಸಿನಕಾಯಿಯಲ್ಲಿ ‘ಸಿ’ ಜೀವಸತ್ವವೂ ಸಮೃದ್ಧವಾಗಿದೆ. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್‌ಜ್ಯೋರ್ಜಿ ತಮ್ಮ ನಾಡಿನ ಕೆಂಪು ಮೆಣಸಿನಕಾಯಿಯಿಂದಲೇ ಈ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ರಂಜಕದ ಉಪಯೋಗ ರೊಟ್ಟಿಗಷ್ಟೇ ಸೀಮಿತವಲ್ಲ. ಕಾಳುಪಲ್ಯೆಗೆ, ಬದನೆಕಾಯಿಗೆ, ಅವಲಕ್ಕಿಗೆ ಒಂದು ಚಮಚ ಬೆರೆಸಿದರೆ ಉಪ್ಪು, ಹುಳಿ, ಖಾರ ಮೂರೂ ಒಮ್ಮೆಗೆ ಕೂಡುತ್ತವೆ. ನಸುಕಿನಲ್ಲಿ ಹೊಲಕ್ಕೆ ಹೊರಡಬೇಕಾದವರ ಮನೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಬುತ್ತಿಯಲ್ಲಿ ಕಟ್ಟಿದರೂ ಮಧ್ಯಾಹ್ನದವರೆಗೆ ಕೆಡುವುದಿಲ್ಲ.

ಹೀಗೆ ಹಸಿಯ ಪದಾರ್ಥಗಳನ್ನು ಮೊದಲೇ ಅರೆದಿಟ್ಟು ಅಡುಗೆಗೆ ಆಧಾರವಾಗಿಸಿಕೊಳ್ಳುವ ರೂಢಿ ಲೋಕದ ಬೇರೆ ಭಾಗಗಳಲ್ಲಿಯೂ ಇದೆ. ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ‘ಎಪಿಸ್’ ಎಂಬ ಹಸಿರು ಮಸಾಲೆಯುಂಟು. ಪಾರ್ಸ್‌ಲಿ, ಥೈಮ್ ಎಂಬ ಸುವಾಸನೆಯ ಸೊಪ್ಪುಗಳು, ಈರುಳ್ಳಿಯ ಎಳೆಯ ಗಿಡ, ಬೆಳ್ಳುಳ್ಳಿ, ಮೆಣಸಿನಕಾಯಿಗಳನ್ನು ನಿಂಬೆರಸ ಮತ್ತು ಎಣ್ಣೆಯೊಡನೆ ಅಲ್ಲಿನವರು ಮರದ ಒರಳಿನಲ್ಲಿ ಕುಟ್ಟುತ್ತಾರೆ. ಅನ್ನ, ಅವರೆಯಂಥ ಕಾಳು, ಮಾಂಸ, ಎಲ್ಲ ಅಡುಗೆಗೂ ಅದೇ ಬುನಾದಿ. ಮೆಣಸಿನಕಾಯಿಯ ಚರಿತ್ರೆಯಲ್ಲಿಯೂ ಆ ದೇಶವಿರುವ ದ್ವೀಪಕ್ಕೆ ಸ್ಥಾನವಿದೆ. 1493ರ ಜನವರಿಯಲ್ಲಿ ಕೊಲಂಬಸನು ಅಲ್ಲಿನ ಜನ ತಿನ್ನುತ್ತಿದ್ದ ಈ ಖಾರದ ಕಾಯಿಯನ್ನು ತನ್ನ ದಿನಚರಿಯಲ್ಲಿ ಹೆಸರಿಸಿದನು. ಅಮೆರಿಕದ ಆ ಬೆಳೆಯನ್ನು ಮುಂದೆ ಪೋರ್ಚುಗೀಸರು ಭಾರತಕ್ಕೆ ತಂದರು. ಕಡಲಾಚೆಯಿಂದ ಬಂದ ಕಾಯಿ ಕೆಲವೇ ಶತಮಾನಗಳಲ್ಲಿ ಎರೆಹೊಲದ ಮನೆಮಗಳಾಯಿತು.

ರಂಜಕದ ಅಳತೆ ಬಹುಪಾಲು ಕಾಗದದ ಮೇಲಿಲ್ಲ. ಹಣ್ಣನ್ನು ಮುಟ್ಟಿ ಆರಿತೋ ಇಲ್ಲವೋ ಎಂದು ತಿಳಿಯುವ ಬೆರಳು, ಉಪ್ಪಿನ ಪ್ರಮಾಣವನ್ನು ನಿರ್ಧರಿಸುವ ಅಂಗೈ, ಇವು ಅವ್ವನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿಬಂದ ವಿದ್ಯೆ. ಒದ್ದೆ ಚಮಚ ಒಮ್ಮೆ ಭರಣಿಗೆ ಇಳಿದರೆ ಇಡೀ ಮನೆಯ ವರ್ಷದ ಕೂಡಿಕೆ ಹಾಳಾಗಬಹುದು. ಆದಕಾರಣ ಭರಣಿಯ ಬಾಯಿ ಬಿಚ್ಚುವ ಕೈ ಶುಚಿಯಾಗಿಯೂ ಒಣಗಿಯೂ ಇರಬೇಕೆಂಬುದು ಈ ಸೀಮೆಯ ಮಕ್ಕಳು ಅಡುಗೆಮನೆಯಲ್ಲಿ ಕಲಿಯುವ ಮೊದಲ ಪಾಠಗಳಲ್ಲೊಂದು.