ದೋಷಸಂದೇಶದ ಬಾಯಿ ಮುಚ್ಚಿಸಿದಾಗ: ಪೈಥಾನ್ ಕಲಿಯುವವರಿಗೆ ಒಂದು ಮಾತು

ನಮ್ಮ ಸಂಘದ ಸ್ಮರಣ ಸಂಚಿಕೆಗೆ ದಾನಿಗಳ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ಒಮ್ಮೆ ನನ್ನ ಪಾಲಿಗೆ ಬಂದಿತು. ರಸೀದಿಗಳ ವಿವರವೆಲ್ಲ ಗಣಕದ ಒಂದು ಕಡತದಲ್ಲಿತ್ತು. ಅದನ್ನು ಓದಿ, ಮೊತ್ತಕ್ಕೆ ಅನುಸಾರವಾಗಿ ಹೆಸರುಗಳನ್ನು ಜೋಡಿಸಲು ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದೆ. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಕರಡು ನೋಡಿದ ಖಜಾಂಚಿಯವರು ಕೇಳಿದರು: "ಸಾವಿರ ದಾಟಿ ಕೊಟ್ಟವರಲ್ಲಿ ಒಬ್ಬರ ಹೆಸರು ಮಾತ್ರ ಇದೆಯಲ್ಲ, ಉಳಿದವರೆಲ್ಲಿ ಸ್ವಾಮಿ?"

ತಪ್ಪು ನನ್ನದೇ. ಪೈಥಾನ್ ತನಗೆ ಮುಂದುವರಿಯಲು ಸಾಧ್ಯವಾಗದ ಸನ್ನಿವೇಶ ಎದುರಾದಾಗ 'ಎಕ್ಸೆಪ್ಷನ್' ಒಂದನ್ನು ಎಬ್ಬಿಸುತ್ತದೆ. ಅದನ್ನು ಯಾರೂ ಹಿಡಿಯದಿದ್ದರೆ ಪ್ರೋಗ್ರಾಮ್ ಅಲ್ಲಿಯೇ ನಿಂತು, ಪರದೆಯ ಮೇಲೆ 'ಟ್ರೇಸ್‌ಬ್ಯಾಕ್' ಎಂಬ ಉದ್ದನೆಯ ವರದಿ ಮೂಡುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುವುದು ಸಹಜ. ಕೆಳಗಿನಿಂದ ಮೇಲಕ್ಕೆ ಓದಿದರೆ ಅರ್ಧ ಗಾಬರಿ ಇಳಿಯುತ್ತದೆ: ಕೊನೆಯ ಸಾಲಿನಲ್ಲಿ ದೋಷದ ಬಗೆ ಮತ್ತು ಕಾರಣ, ಅದರ ಮೇಲೆ ದೋಷ ಸಂಭವಿಸಿದ ಸಾಲು. 2022ರಲ್ಲಿ ಬಂದ 3.11ನೆಯ ಆವೃತ್ತಿಯಿಂದೀಚೆಗೆ ಆ ಸಾಲಿನ ಯಾವ ಭಾಗದಲ್ಲಿ ತೊಡಕಾಯಿತು ಎಂಬುದನ್ನೂ ಗುರುತು ಹಾಕಿ ತೋರಿಸಲಾಗುತ್ತದೆ.

ನನ್ನ ಪ್ರೋಗ್ರಾಮ್ ಮೊದಲ ಸಲ ನಿಂತದ್ದು ಕಡತದ ನಡುವಿನ ಒಂದು ಖಾಲಿ ಸಾಲಿನಿಂದ. ಕಿರಿಕಿರಿ ತಪ್ಪಲೆಂದು, ಮೊತ್ತವನ್ನು ಸಂಖ್ಯೆಯಾಗಿಸುವ ಭಾಗವನ್ನು 'ಟ್ರೈ' ಎಂಬುದರ ಕೆಳಗಿರಿಸಿ, ಬರಿಯ 'ಎಕ್ಸೆಪ್ಟ್' ಹಾಕಿ, ಅದರಡಿ 'ಪಾಸ್' ಎಂದು ಬರೆದೆ. ಅಂದರೆ, ಏನೇ ಕೆಟ್ಟರೂ ಸುಮ್ಮನೆ ಮುಂದಕ್ಕೆ ಹೋಗು! ಪ್ರೋಗ್ರಾಮ್ ಹಾಗೆಯೇ ಮಾಡಿತು. '1,500' ಎಂಬಲ್ಲಿ ಅಲ್ಪವಿರಾಮವಿದ್ದುದರಿಂದ 'ಇಂಟ್' ಅದನ್ನು ಸಂಖ್ಯೆಯೆಂದು ಒಪ್ಪಲಿಲ್ಲ. 'ವ್ಯಾಲ್ಯೂ ಎರರ್' ಎದ್ದಿತು, ಸದ್ದಿಲ್ಲದೆ ಅಡಗಿತು. ಹೆಚ್ಚು ಕೊಟ್ಟವರೇ ಪಟ್ಟಿಯಿಂದ ಹೊರಗುಳಿದರು. ಉಳಿದುಕೊಂಡ ಆ ಒಬ್ಬರ ಮೊತ್ತವನ್ನು ಯಾರೋ ಕನ್ನಡದ ಅಂಕಿಗಳಲ್ಲಿ '೧೫೦೦' ಎಂದು ಅಲ್ಪವಿರಾಮವಿಲ್ಲದೆ ಬರೆದಿದ್ದರು. ಪೈಥಾನ್‌ಗೆ ಕನ್ನಡದ ಅಂಕಿಗಳು ತಿಳಿಯುತ್ತವೆ, ನಮ್ಮ ಅಲ್ಪವಿರಾಮ ತಿಳಿಯದು!

ಬರಿಯ 'ಎಕ್ಸೆಪ್ಟ್'ನ ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಹೆಸರಿನ ಕಾಗುಣಿತ ತಪ್ಪಿ ಬರೆದರೂ ಅದು ನುಂಗಿಹಾಕುತ್ತದೆ. ಪ್ರೋಗ್ರಾಮನ್ನು ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಆಜ್ಞೆಯನ್ನೂ ಬಿಡದು.

ಆ ರಾತ್ರಿಯೇ ತಿದ್ದಿದೆ. ಖಾಲಿ ಸಾಲನ್ನು ಮೊದಲೇ ಪರೀಕ್ಷಿಸಿ ಬಿಡುವುದು, ಅಲ್ಪವಿರಾಮವನ್ನು ತೆಗೆದು ಸಂಖ್ಯೆಯಾಗಿಸುವುದು, 'ವ್ಯಾಲ್ಯೂ ಎರರ್' ಒಂದನ್ನೇ ಹೆಸರಿಸಿ ಹಿಡಿಯುವುದು, ಹಿಡಿದಾಗ ಸಾಲಿನ ಕ್ರಮಸಂಖ್ಯೆಯನ್ನೂ ಅದರಲ್ಲಿದ್ದುದನ್ನೂ ಪರದೆಯ ಮೇಲೆ ತೋರಿಸುವುದು. ಕಡತವೇ ಸಿಗದಿದ್ದಂತಹ ಬೇರೆ ದೋಷಗಳಿಗೆ ಪ್ರೋಗ್ರಾಮ್ ನಿಲ್ಲಲಿ ಎಂದು ಬಿಟ್ಟೆ. ಕೊನೆಯಲ್ಲಿ ಓದಿದ ಸಾಲುಗಳೆಷ್ಟು, ಪಟ್ಟಿಗೆ ಸೇರಿದ ಹೆಸರುಗಳೆಷ್ಟು ಎಂಬ ಲೆಕ್ಕವನ್ನೂ ಬರೆಯಿಸಿದೆ.

ಮತ್ತೆ ಓಡಿಸಿದಾಗ ಎಲ್ಲರ ಹೆಸರೂ ಬಂದವು, ಒಂದೇ ಒಂದು ಸಾಲು ತಕರಾರಾಗಿ ಉಳಿಯಿತು. ಅಲ್ಲಿ ಮೊತ್ತದ ಜಾಗದಲ್ಲಿ 'ಅಕ್ಕಿ 2 ಮೂಟೆ' ಎಂದಿತ್ತು. ಆ ಹೆಸರನ್ನು ಖಜಾಂಚಿಯವರು ಕೈಯಿಂದಲೇ ಸೇರಿಸಿದರು.