ಆಲಿಕೆಯಲ್ಲಿ ಹಿಡಿದ ಅಲೆ

ನಮ್ಮ ಮನೆಗಳ ಛಾವಣಿಯ ಮೇಲಿರುವ ಡಿಶ್ ಆಂಟೆನಾವನ್ನು ನಾವು ದಿನವೂ ಕಾಣುತ್ತೇವೆ. ಅದರ ಮುಂದೆ ಚಾಚಿಕೊಂಡಿರುವ ಪುಟ್ಟ ಭಾಗವನ್ನು ಗಮನಿಸಿದವರು ವಿರಳ. ಅದರೊಳಗೆ ಆಲಿಕೆಯಂತೆ ಬಾಯಿ ತೆರೆದ ಲೋಹದ ಕೊಳವೆಯೊಂದಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಇಳಿದು ಬರುವ ಕ್ಷೀಣವಾದ ಮೈಕ್ರೋವೇವ್ ತರಂಗಗಳನ್ನು ತಟ್ಟೆಯು ಈ ಆಲಿಕೆಗೆ ಒಪ್ಪಿಸುತ್ತದೆ. ಇಂತಹ ಆಲಿಕೆಯನ್ನು 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ರೂಪಿಸಿ ಬಳಸಿದವರು ಆಚಾರ್ಯ ಜಗದೀಶಚಂದ್ರ ಬೋಸ್. ಅವರಲ್ಲಿ ಭೌತಶಾಸ್ತ್ರದ ಒಲವನ್ನು ಬೆಳೆಸಿದವರು ಒಬ್ಬ ಕಥೋಲಿಕ ಗುರುಗಳು ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ಬೆಲ್ಜಿಯಂ ದೇಶದ ಯೇಸುಸಭೆಯ ವಂದನೀಯ ಫಾದರ್ ಯುಜೀನ್ ಲಾಫೋಂ 1865ರಲ್ಲಿ ಕಲ್ಕತ್ತೆಗೆ ಬಂದು ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಬೋಧಕರಾದರು. ಉಪಕರಣಗಳನ್ನು ಮುಂದಿಟ್ಟು, ಪ್ರಯೋಗವನ್ನು ಕಣ್ಣೆದುರು ನಡೆಸಿ ಪಾಠ ಹೇಳುವುದು ಅವರ ಕ್ರಮವಾಗಿತ್ತು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರರು ಆ ನಗರದಲ್ಲಿ ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಿದಾಗ ಅವರಿಗೆ ಹೆಗಲು ಕೊಟ್ಟವರೂ ಇವರೇ. ಈ ಗುರುಗಳ ತರಗತಿಯಲ್ಲಿ ಕುಳಿತ ಬೋಸರು ಮುಂದೆ ಇಂಗ್ಲೆಂಡಿನಲ್ಲಿ ಓದಿ ಬಂದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು.

ಜರ್ಮನಿಯ ಹರ್ಟ್ಸ್ ಅವರು 1887–88ರಲ್ಲಿ ವಿದ್ಯುತ್ಕಾಂತ ತರಂಗಗಳನ್ನು ತೋರಿಸಿಕೊಟ್ಟಿದ್ದರು. ಆದರೆ ತರಂಗವು ಉದ್ದವಾದಷ್ಟೂ ಅದನ್ನು ಬಾಗಿಸುವ ಉಪಕರಣವೂ ದೊಡ್ಡದಾಗಬೇಕು. ಹರ್ಟ್ಸರ ಪಟ್ಟಕವು ಹಲವು ನೂರು ಕಿಲೋಗ್ರಾಂ ತೂಗುತ್ತಿತ್ತು. ಬೋಸರು ತರಂಗದ ಉದ್ದವನ್ನೇ ಸುಮಾರು 5 ಮಿಲಿಮೀಟರಿಗೆ ಇಳಿಸಿದರು. ಇದರಿಂದ ಇಡೀ ಪ್ರಯೋಗವು ಒಂದು ಮೇಜಿನ ಮೇಲೆ ಹಿಡಿಸಿತು.

ಆ ಸಾಧನೆಯ ಗುಟ್ಟು ಬಿಡಿಭಾಗಗಳ ರಚನೆಯಲ್ಲಿತ್ತು. ಕಿಡಿ ಹಾರಿದಂತೆಲ್ಲ ಲೋಹದ ಮೈ ಒರಟಾಗಿ ತರಂಗವು ಕೆಡುವುದನ್ನು ಕಂಡು, ಬೋಸರು ಪ್ಲಾಟಿನಂ ಗುಂಡನ್ನು ಆರಿಸಿಕೊಂಡರು. ತರಂಗವು ಅತ್ತಿತ್ತ ಸೋರದಂತೆ ಉಪಕರಣವನ್ನು ಲೋಹದ ಪೆಟ್ಟಿಗೆಯೊಳಗಿಟ್ಟು, ಕೊಳವೆಯ ಮೂಲಕವೇ ಹೊರಬಿಟ್ಟರು. ಬಂದ ಅಲೆಯು ಚದುರದಂತೆ ಗ್ರಾಹಕದ ಬಾಯಿಗೆ ಆಲಿಕೆಯನ್ನು ಜೋಡಿಸಿದರು. ಅಂದಿನ ಗ್ರಾಹಕಗಳಲ್ಲಿದ್ದ ಲೋಹದ ಪುಡಿಯನ್ನು ನೆಚ್ಚದೆ, ಒತ್ತಡವನ್ನು ತಿರುಪಿನಿಂದ ಹೊಂದಿಸಬಲ್ಲ ಸಣ್ಣ ಉಕ್ಕಿನ ಸುರುಳಿಗಳನ್ನು ಸಾಲಾಗಿಟ್ಟರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ವಿದ್ವಾಂಸರು ಈ ಪುಟ್ಟ ಉಪಕರಣವನ್ನು ಕಂಡು ಬೆರಗಾದರು.

ಇಂದಿನ ವಿನ್ಯಾಸಕಾರರ ನಿಯಮವೂ ಇದೇ ಆಗಿದೆ. ಸಾಲಿನಲ್ಲಿರುವ ಮೂರು ಭಾಗಗಳು ತಮಗೆ ಬಂದದ್ದರಲ್ಲಿ ತಲಾ ಅರ್ಧವನ್ನು ನುಂಗಿದರೆ, ಕೊನೆಗೆ ಉಳಿಯುವುದು ಎಂಟರಲ್ಲಿ ಒಂದು ಪಾಲು ಮಾತ್ರ. ಮುಂದೆ ಎಷ್ಟು ಬಲವಾದ ವರ್ಧಕವನ್ನು ಇಟ್ಟರೂ ಅದು ಸಂಕೇತದೊಡನೆ ಗದ್ದಲವನ್ನೂ ಹಿಗ್ಗಿಸುತ್ತದೆ. ಮೊದಲು ಕಳೆದುಕೊಂಡ ಸ್ಪಷ್ಟತೆ ಮರಳಿ ಬಾರದು. ಆದುದರಿಂದಲೇ ನಮ್ಮ ಡಿಶ್‌ನ ಮೊದಲ ವರ್ಧಕವನ್ನು ಟಿ.ವಿ.ಯ ಬಳಿ ಇಡದೆ ಆಲಿಕೆಯ ಬೆನ್ನಿಗೇ ಅಂಟಿಸಿರುತ್ತಾರೆ. ಕೇಬಲ್ಲಿನ ಸಡಿಲ ಜೋಡಣೆಯೊಂದು, ಅದರೊಳಗೆ ನುಸುಳಿದ ಮಳೆಹನಿಯೊಂದು ಸಾಕು, ಚಿತ್ರವು ಒಡೆದು ಹೋಗಲು.

ಬೋಸರಿಗೆ ಸುಸಜ್ಜಿತ ಪ್ರಯೋಗಾಲಯವಿರಲಿಲ್ಲ. ಚಿಕ್ಕದೊಂದು ಕೋಣೆಯಿತ್ತು, ತಗಡಿನ ಕೆಲಸದವನೊಬ್ಬನ ನೆರವಿತ್ತು. ಜೊತೆಗೆ, ಕೈಯಿಂದ ಮುಟ್ಟಿ ನೋಡಿ ಕಲಿಯಬೇಕೆಂದು ತೋರಿಸಿಕೊಟ್ಟ ಗುರುವಿನ ನೆನಪಿತ್ತು. ನಮ್ಮ ವಿದ್ಯಾಸಂಸ್ಥೆಗಳ ಹಿರಿಮೆಯನ್ನು ನಾವು ಅಂಕಪಟ್ಟಿಗಳಿಂದ ಅಳೆಯುತ್ತಿರುವ ಈ ದಿನಗಳಲ್ಲಿ ಫಾದರ್ ಲಾಫೋಂ ಅವರ ಮೇಜು ನಮಗೆ ನೆನಪಾಗಬೇಕು. ಮನೆಯ ಮಗುವೊಂದು ಕೆಟ್ಟ ರೇಡಿಯೋವನ್ನು ಬಿಚ್ಚಿ ಹರಡಿಕೊಂಡು ಕುಳಿತಾಗ ಗದರದಿರೋಣ. ಪಕ್ಕದಲ್ಲಿ ಕುಳಿತು, ಯಾವ ಭಾಗವು ಯಾವ ಕೆಲಸಕ್ಕೆಂದು ಅದರೊಡನೆ ನಾವೂ ಹುಡುಕೋಣ.